ದುರ್ಗದಿಂದ ಬಂದ ಆಕ್ಟೇವಿಯಾ

ನಮ್ಮ ಹಳೆಯ ವ್ಯಾಗನ್ ಆರ್ ಹನ್ನೊಂದು ವರ್ಷ ದುಡಿದಿತ್ತು. ಇನ್ನೂ ಕೆಲವು ವರ್ಷ ದುಡಿಯುವ ಹಾಗೆಯೇ ಇತ್ತು. ಅದನ್ನು ಮಾರುವ ಮಾತು ಬಂದದ್ದು ಅದರ ತಪ್ಪಿನಿಂದಲ್ಲ. 2023ರಲ್ಲಿ ಮಗಳು ಬೆಂಗಳೂರಿನ ಕಾಲೇಜಿಗೆ ಸೇರಿದಳು, ಅದೇ ಹೊತ್ತಿಗೆ ಅತ್ತೆಯವರ ಮೊಣಕಾಲಿನ ಚಿಕಿತ್ಸೆಗೆಂದು ಹುಬ್ಬಳ್ಳಿಗೆ ಹೋಗಿಬರುವುದೂ ಶುರುವಾಯಿತು. ದಾವಣಗೆರೆಯಿಂದ ಬೆಂಗಳೂರಿಗೆ ಸುಮಾರು 260 ಕಿಲೋಮೀಟರ್, ಹುಬ್ಬಳ್ಳಿಗೆ ಅದರ ಅರ್ಧಕ್ಕಿಂತ ತುಸು ಹೆಚ್ಚು; ಎರಡೂ ರಾಷ್ಟ್ರೀಯ ಹೆದ್ದಾರಿ 48ರ ಮೇಲೆಯೇ. ಐದು ಜನ ಕುಳಿತು, ಎಸಿ ಹಾಕಿ, ಮುಂದಿನ ಲಾರಿಯನ್ನು ದಾಟಲು ಹೊರಟರೆ ಒಂದು ಲೀಟರಿನ ಎಂಜಿನ್‌ಗೆ ಉಸಿರು ಸಾಲುತ್ತಿರಲಿಲ್ಲ. ಲಾರಿಯ ಕ್ಲೀನರ್ ಕಿಟಕಿಯಿಂದ ನಮ್ಮನ್ನು ಒಬ್ಬೊಬ್ಬರನ್ನಾಗಿ ನೋಡಿ ಮುಗಿಸುವಷ್ಟು ಹೊತ್ತು ಅದರ ಪಕ್ಕದಲ್ಲೇ ಓಡಬೇಕಾಗುತ್ತಿತ್ತು.

ನಾನು ಸಹಕಾರ ಬ್ಯಾಂಕೊಂದರ ಲೆಕ್ಕ ವಿಭಾಗದಲ್ಲಿ ಕೆಲಸ ಮಾಡುವವಳು. ಮನೆಯ ಖರ್ಚಿಗೂ ಒಂದು ಪುಸ್ತಕ ಇಡುವ ಚಾಳಿ ಇದೆ. ಆ ಪುಸ್ತಕದಲ್ಲಿ ಹೊಸ ಪುಟ ತೆರೆದು ‘ಕಾರು’ ಎಂದು ಬರೆದು, ಅದರ ಕೆಳಗೆ ಒಂಬತ್ತು ಲಕ್ಷ ಎಂದು ಹಾಕಿದೆ: ಕೊಳ್ಳಲು ಏಳೂವರೆ, ಕೊಂಡ ಮೇಲೆ ಸರಿಪಡಿಸಲು ಒಂದೂವರೆ. ಎರಡನೆಯ ಮೊತ್ತವನ್ನು ಮೊದಲೇ ತೆಗೆದಿಟ್ಟದ್ದಕ್ಕೆ ಮನೆಯವರು ನಕ್ಕರು. ಕೊಳ್ಳುವ ಮೊದಲೇ ಕೆಟ್ಟಿದೆ ಎಂದುಕೊಂಡು ಹೊರಟವಳನ್ನು ಅವರು ಮೊದಲ ಸಲ ನೋಡುತ್ತಿದ್ದರಂತೆ.

ಯಾವ ಕಾರು ಎಂಬ ಪ್ರಶ್ನೆಗೆ ನನ್ನಲ್ಲಿ ಉತ್ತರ ಇಪ್ಪತ್ತು ವರ್ಷದಿಂದ ಇತ್ತು. ನಾನು ಬ್ಯಾಂಕಿಗೆ ಸೇರಿದ ಹೊಸದರಲ್ಲಿ ಚನ್ನಗಿರಿ ಕಡೆಯ ಅಡಿಕೆ ವ್ಯಾಪಾರಿಯೊಬ್ಬರು ಕಪ್ಪು ಬಣ್ಣದ ಸ್ಕೋಡಾ ಆಕ್ಟೇವಿಯಾದಲ್ಲಿ ಬರುತ್ತಿದ್ದರು. ಆಕ್ಟೇವಿಯಾ ಭಾರತಕ್ಕೆ ಬಂದದ್ದು 2001ರಲ್ಲಿ. ನಮ್ಮ ಊರಿನಲ್ಲಿ ಆಗ ಅಂಥ ಕಾರು ನಿಂತರೆ ಜನ ಒಂದು ಸುತ್ತು ಹಾಕಿ ಹೋಗುತ್ತಿದ್ದರು. ಅವರು ಡಿಕ್ಕಿ ತೆಗೆದರೆ ಹಿಂಬದಿಯ ಗಾಜೂ ಮುಚ್ಚಳದ ಜೊತೆಗೇ ಮೇಲೆದ್ದು, ಒಳಗೆ ಸಣ್ಣ ಕೋಣೆಯೇ ತೆರೆದಂತೆ ಕಾಣುತ್ತಿತ್ತು. ಅದರಲ್ಲಿ ಅಡಿಕೆ ಚೀಲಗಳನ್ನು ಹಾಕಿಕೊಂಡು, ಪುಣೆ-ಬೆಂಗಳೂರಿನ ಪಿ.ಬಿ. ರಸ್ತೆಗೆ ಬಂದೊಡನೆ ಆ ಕಾರು ಸದ್ದಿಲ್ಲದೆ ಮಾಯವಾಗುತ್ತಿತ್ತು. ಚೀಲವನ್ನೂ ಹೊರುವ, ಓಟವನ್ನೂ ಬಲ್ಲ ಆ ಕಾರು ನನ್ನ ಮನಸ್ಸಿನಲ್ಲಿ ನಿಂತುಬಿಟ್ಟಿತ್ತು.

ನಾನು ಹುಡುಕಲು ಹೊರಟದ್ದು 2013ರ ಅಕ್ಟೋಬರ್‌ನಲ್ಲಿ ಇಲ್ಲಿಗೆ ಬಂದ ಮೂರನೆಯ ತಲೆಮಾರಿನ ಆಕ್ಟೇವಿಯಾವನ್ನು, ಅದರಲ್ಲೂ 1.8 ಟಿಎಸ್‌ಐ ಪೆಟ್ರೋಲ್ ಮಾದರಿಯನ್ನು. 1798 ಸಿಸಿ ಟರ್ಬೊ ಎಂಜಿನ್, 180 ಅಶ್ವಶಕ್ತಿ, ನಿಮಿಷಕ್ಕೆ 1250 ಸುತ್ತಿನಿಂದಲೇ ಸಿಗುವ 250 ನ್ಯೂಟನ್ ಮೀಟರ್ ಟಾರ್ಕ್ (ತಿರುಗಿಸುವ ಬಲ), ಏಳು ಗೇರಿನ ಡಿಎಸ್‌ಜಿ ಎಂಬ ಆಟೊಮ್ಯಾಟಿಕ್ ಗೇರ್‌ಬಾಕ್ಸ್, 590 ಲೀಟರಿನ ಡಿಕ್ಕಿ. ಹೊರನೋಟಕ್ಕೆ ಹೈಸ್ಕೂಲ್ ಹೆಡ್‌ಮಾಸ್ಟರರ ಕಾರಿನಂತಿದ್ದು ಒಳಗೆ ಇಷ್ಟೆಲ್ಲ ಇಟ್ಟುಕೊಂಡದ್ದು ನನಗೆ ಇಷ್ಟವಾಗಿತ್ತು. ಡೀಸೆಲ್ ಮಾದರಿ ಸುಲಭವಾಗಿ ಸಿಗುತ್ತಿತ್ತು. ಆದರೆ ವಾರದ ದಿನಗಳಲ್ಲಿ ವಿದ್ಯಾನಗರದಿಂದ ಬ್ಯಾಂಕಿಗೆ ನಾಲ್ಕು ಕಿಲೋಮೀಟರ್ ಮಾತ್ರ ಓಡುವ ಗಾಡಿಗೆ ಡೀಸೆಲ್ ಸಲ್ಲದು ಎಂಬುದು ನನ್ನ ಲೆಕ್ಕ.

ಎಲ್ಲರೂ ಹೆದರಿಸಿದ್ದು ಗೇರ್‌ಬಾಕ್ಸಿನ ಬಗ್ಗೆ. ಹೆದರಿಕೆ ಸುಳ್ಳಲ್ಲದ ಕಾರಣ ಅದು ಕೆಲಸ ಮಾಡುವ ಬಗೆಯನ್ನು ಮೊದಲು ತಿಳಿದುಕೊಂಡೆ. ಈ ಏಳು ಗೇರಿನ ಡಿಎಸ್‌ಜಿಯಲ್ಲಿ ಎರಡು ಒಣ ಕ್ಲಚ್‌ಗಳಿವೆ. ಒಂದು, ಮೂರು, ಐದು, ಏಳನೆಯ ಗೇರುಗಳನ್ನು ಒಂದು ಕ್ಲಚ್ ನೋಡಿಕೊಂಡರೆ ಎರಡು, ನಾಲ್ಕು, ಆರು ಮತ್ತು ರಿವರ್ಸ್ ಇನ್ನೊಂದರ ಪಾಲು. ಕಾರು ಒಂದು ಗೇರಿನಲ್ಲಿ ಓಡುತ್ತಿರುವಾಗಲೇ ಮುಂದಿನ ಗೇರು ಸಿದ್ಧವಾಗಿ ಕಾಯುತ್ತಿರುತ್ತದೆ. ಆದ್ದರಿಂದಲೇ ಬದಲಾವಣೆ ಗೊತ್ತಾಗುವುದಿಲ್ಲ. ಆದರೆ ತೆವಳುವ ಟ್ರಾಫಿಕ್‌ನಲ್ಲಿ ಕ್ಲಚ್ ಪೂರ್ತಿ ಹಿಡಿಯದೆ, ಪೂರ್ತಿ ಬಿಡದೆ ಉಜ್ಜುತ್ತಲೇ ಇರುತ್ತದೆ, ಬಿಸಿಯಾಗುತ್ತದೆ, ಸವೆಯುತ್ತದೆ. ಅದನ್ನು ತಣಿಸಲು ಎಣ್ಣೆಯೂ ಇಲ್ಲ. ಇದಲ್ಲದೆ ಗೇರ್‌ಬಾಕ್ಸಿನ ಮಿದುಳು ಎನ್ನಬಹುದಾದ ಮೆಕಾಟ್ರಾನಿಕ್ ಘಟಕದ ಪ್ರಶ್ನೆ ಬೇರೆ ಇತ್ತು. ಬಿಸಿ ಮತ್ತು ತೇವದ ಹವೆಯಲ್ಲಿ ಗೇರ್‌ಬಾಕ್ಸಿನಲ್ಲಿದ್ದ ಸಿಂಥೆಟಿಕ್ ಎಣ್ಣೆಯಿಂದ ವಿದ್ಯುತ್ ದೋಷ ಬರಬಹುದೆಂದು 2013ರ ನವೆಂಬರ್‌ನಲ್ಲಿ ಫೋಕ್ಸ್‌ವ್ಯಾಗನ್ ಸಮೂಹ ಜಗತ್ತಿನಾದ್ಯಂತ ಸುಮಾರು 16 ಲಕ್ಷ ಕಾರುಗಳಿಗೆ ಖನಿಜ ಎಣ್ಣೆ ಹಾಕಿಸಿಕೊಡಲು ಮುಂದಾಗಿತ್ತು. ಹೀಗಾಗಿ 2015 ಅಥವಾ ಅದರ ನಂತರದ ಕಾರನ್ನೇ ನೋಡುವುದು, ಬೆಂಗಳೂರಿನ ಒಳಗೇ ಓಡಿ ಹಣ್ಣಾದದ್ದನ್ನು ಬಿಡುವುದು ಎಂದು ನಿರ್ಧರಿಸಿದೆ. ಹೊರರಾಜ್ಯದ ಕಾರು ಅಗ್ಗ ನಿಜ, ಆದರೆ ಇಲ್ಲಿ ಮತ್ತೆ ಜೀವಾವಧಿ ತೆರಿಗೆ ಕಟ್ಟಿ, ಅಲ್ಲಿನ ತೆರಿಗೆ ಮರಳಿ ಪಡೆಯಲು ಅಲೆಯುವಷ್ಟರಲ್ಲಿ ಆ ಅಗ್ಗ ಕರಗಿಹೋಗುತ್ತದೆ.

ಕೊಂಡ ಕಾರಿಗೆ ಮೊದಲು ಮೂರು ಕಾರು ನೋಡಿದೆವು. ಶಿವಮೊಗ್ಗದ್ದು ನೋಡಲು ಚೆನ್ನಾಗಿತ್ತು; ಮೀಟರಿನಲ್ಲಿ 42 ಸಾವಿರ ಕಿಲೋಮೀಟರ್. ಆದರೆ ಬ್ರೇಕ್ ಪೆಡಲಿನ ರಬ್ಬರಿನ ಗೆರೆಗಳು ಬಲಮೂಲೆಯಲ್ಲಿ ಪೂರ್ತಿ ಅಳಿಸಿದ್ದವು, ಚಾಲಕರ ಸೀಟಿನ ಹೊರ ಅಂಚು ಕುಸಿದಿತ್ತು. ಸರ್ವಿಸ್ ಬಿಲ್ಲುಗಳ ಕಂತೆಯಲ್ಲಿ ಎರಡು ವರ್ಷದ ಹಿಂದಿನ ಒಂದು ಕಾಗದವನ್ನು ತೆಗೆಯಲು ಮಾರುವವರು ಮರೆತಿದ್ದರು. ಅದರಲ್ಲಿ 78 ಸಾವಿರ ಎಂದಿತ್ತು. ಕಾಗದವನ್ನು ತೋರಿಸಿದಾಗ ಬ್ರೋಕರ್ ಅದನ್ನು ಒಂದು ನಿಮಿಷ ನೋಡಿ, “ಯಜಮಾನರು ಬರಲಿಲ್ವ ಮೇಡಂ?” ಎಂದು ಕೇಳಿದ. ಹುಬ್ಬಳ್ಳಿಯದು ಒಂದರಿಂದ ಎರಡನೆಯ ಗೇರಿಗೆ ಹೋಗುವಾಗ ಎತ್ತಿನ ಗಾಡಿಯಂತೆ ನಡುಗಿತು. ಬೆಂಗಳೂರಿನದನ್ನು ಹಿಂದಿನ ದಿನವೇ ಮಾರಿದ್ದರು.

ನಾಲ್ಕನೆಯದು ಚಿತ್ರದುರ್ಗದಲ್ಲಿ ಸಿಕ್ಕಿತು. 2015ರ ಮಾರ್ಚ್‌ನಲ್ಲಿ ನೋಂದಣಿಯಾದ ಬಿಳಿ ಕಾರು, ಒಬ್ಬರೇ ಓನರ್, 71 ಸಾವಿರ ಕಿಲೋಮೀಟರ್. ಓನರ್ ವೈದ್ಯರು, ಮಕ್ಕಳು ವಿದೇಶಕ್ಕೆ ಹೋದ ಮೇಲೆ ಕಾರು ವಾರಕ್ಕೊಮ್ಮೆ ಮಾತ್ರ ಹೊರಗೆ ಬರುತ್ತಿತ್ತು. ಬೆಳಿಗ್ಗೆ ಏಳಕ್ಕೆ ಬರುತ್ತೇವೆ, ಅಲ್ಲಿಯವರೆಗೆ ದಯವಿಟ್ಟು ಸ್ಟಾರ್ಟ್ ಮಾಡಬೇಡಿ ಎಂದು ಫೋನಿನಲ್ಲೇ ಕೇಳಿಕೊಂಡಿದ್ದೆ. ಬಿಸಿಯಾದ ಎಂಜಿನ್ ಎಲ್ಲರ ಮುಂದೆಯೂ ಒಳ್ಳೆಯ ಮಗುವಿನಂತೆ ವರ್ತಿಸುತ್ತದೆ. ರಾತ್ರಿಯಿಡೀ ತಣ್ಣಗಿದ್ದದ್ದು ಮೊದಲ ಸಲ ಎದ್ದಾಗ ಮಾಡುವ ಸದ್ದೇ ನಿಜ. ದಾವಣಗೆರೆಯಿಂದ ನಮ್ಮೊಂದಿಗೆ ಬಂದಿದ್ದ ಮೇಸ್ತ್ರಿ ಬಾನೆಟ್ ಮೇಲೆ ಅಂಗೈ ಇಟ್ಟು ನೋಡಿ, ತಲೆಯಾಡಿಸಿ, ಆಮೇಲೆ ಕೀಲಿ ಕೇಳಿದರು. ಟೈಮಿಂಗ್ ಚೈನಿನಿಂದ ಕರಕರ ಸದ್ದು ಬರುತ್ತದೆಯೇ ಎಂದು ಇಬ್ಬರೂ ಕಿವಿಗೊಟ್ಟೆವು. ಎರಡು ಸೆಕೆಂಡಿನೊಳಗೆ ಎಂಜಿನ್ ಸಮನಾದ ಗುಂಯ್‌ಗುಡುವಿಕೆಗೆ ಇಳಿಯಿತು.

ಅಲ್ಲಿಂದ ಮುಂದಿನ ಒಂದೂವರೆ ಗಂಟೆ ನಾನು ಕಲಿತದ್ದು ತುಂಬಾ. ಪ್ರತಿಯೊಂದು ಗಾಜಿನ ಮೂಲೆಯಲ್ಲಿ ತಯಾರಾದ ವರ್ಷದ ಗುರುತು ಇರುತ್ತದೆ; ಒಂದರದ್ದು ಮಾತ್ರ ಬೇರೆಯಾದರೆ ಅದನ್ನು ಬದಲಿಸಿದ್ದಾರೆ ಎಂದರ್ಥ, ಯಾಕೆ ಎಂದು ಕೇಳಬೇಕು. ಇಲ್ಲಿ ಎಲ್ಲವೂ ಒಂದೇ ಆಗಿದ್ದವು. ಟಯರಿನ ಪಕ್ಕೆಯ ಮೇಲೆ ನಾಲ್ಕು ಅಂಕಿಗಳ ಸಂಖ್ಯೆ ಇರುತ್ತದೆ: ಮೊದಲೆರಡು ವಾರ, ಕೊನೆಯೆರಡು ವರ್ಷ. ನಾಲ್ಕು ಟಯರುಗಳ ಮೇಲೂ 3118 ಎಂದಿತ್ತು, ಅಂದರೆ 2018ರ 31ನೆಯ ವಾರ. ಟಯರಿನ ಗೆರೆಗಳು ಇನ್ನೂ ಆಳವಾಗಿದ್ದರೂ ಪಕ್ಕೆಯ ರಬ್ಬರಿನಲ್ಲಿ ಬೇಸಿಗೆಯ ಕೆರೆಯಂಗಳದಂತೆ ಸಣ್ಣ ಬಿರುಕುಗಳು ಮೂಡಿದ್ದವು. ಮುಂದಿನ ಎಡ ಟಯರಿನ ಒಳ ಅಂಚು ಮಾತ್ರ ಹೆಚ್ಚು ಸವೆದಿತ್ತು. ಚಕ್ರವನ್ನು ಹಿಡಿದಿರುವ ಕೆಳಗಿನ ಆರ್ಮ್‌ನ ರಬ್ಬರ್ ಬುಶ್ ಸಡಿಲವಾಗಿದೆ ಎಂದು ಮೇಸ್ತ್ರಿ ಅದನ್ನು ನೋಡಿಯೇ ಹೇಳಿದರು, ಆಮೇಲೆ ಸಣ್ಣ ಹಾರೆಯಿಂದ ಅಲುಗಿಸಿ ತೋರಿಸಿದರು. ಎಂಜಿನ್ನಿನ ಬದಿಯಲ್ಲಿ ಟಾರ್ಚ್ ಬಿಟ್ಟು ಇಣುಕಿದರೆ ನೀರಿನ ಪಂಪು ಮತ್ತು ಥರ್ಮೋಸ್ಟಾಟ್ ಒಟ್ಟಿಗಿರುವ ಪ್ಲಾಸ್ಟಿಕ್ ಭಾಗದ ಕೆಳಗೆ ತಿಳಿಗುಲಾಬಿ ಬಣ್ಣದ ಪುಡಿ ಅಂಟಿಕೊಂಡಿತ್ತು. ಎಂಜಿನ್ ತಣಿಸುವ ಕೂಲಂಟ್ ತುಸುತುಸುವೇ ಜಿನುಗಿ ಒಣಗಿದ ಗುರುತು ಅದು. ಎಂಟು ವರ್ಷದ ಪ್ಲಾಸ್ಟಿಕ್ಕಿಗೂ ರಬ್ಬರಿಗೂ ಅಷ್ಟು ವಯಸ್ಸಾಗಿರುತ್ತದೆ ಎಂದು ಮೇಸ್ತ್ರಿ ಅದನ್ನು ದೊಡ್ಡದು ಮಾಡಲಿಲ್ಲ; ನಾನು ಮಾತ್ರ ಪುಸ್ತಕದಲ್ಲಿ ಬರೆದುಕೊಂಡೆ.

ಕೊನೆಗೆ ಗೇರ್‌ಬಾಕ್ಸು. ಕೋಟೆಯ ಕಡೆಗೆ ಏರುವ ರಸ್ತೆಯಲ್ಲಿ ಕಾರನ್ನು ಬೇಕೆಂದೇ ಹತ್ತು ಸಲ ನಿಲ್ಲಿಸಿ ಹೊರಡಿಸಿದೆ, ಇಳಿಜಾರಿನಿಂದ ರಿವರ್ಸಿನಲ್ಲಿ ಹತ್ತಿಸಿದೆ, ಒಂದರಿಂದ ಎರಡಕ್ಕೆ ಹೋಗುವ ವೇಗದಲ್ಲೇ ನೂರು ಮೀಟರ್ ಓಡಿಸಿದೆ. ನಡುಕವಿರಲಿಲ್ಲ. ಕಾರಿನ ಕಂಪ್ಯೂಟರಿಗೆ ಸ್ಕ್ಯಾನರ್ ಹಚ್ಚಿ ನೋಡಿದಾಗ ಹಳೆಯ ಬ್ಯಾಟರಿ ವೋಲ್ಟೇಜಿನ ಒಂದು ದೂರು ಬಿಟ್ಟರೆ ಬೇರೇನೂ ಸಿಗಲಿಲ್ಲ. ಆಮೇಲೆ ಹೆದ್ದಾರಿಗೆ ಬಂದು, ಮುಂದೆ ಯಾರೂ ಇಲ್ಲದ ಜಾಗದಲ್ಲಿ, ಅರವತ್ತರ ವೇಗದಲ್ಲಿದ್ದಾಗ ಆಕ್ಸಿಲರೇಟರನ್ನು ಪೂರ್ತಿ ಒತ್ತಿದೆ. ಬೆನ್ನು ಸೀಟಿಗೆ ಒತ್ತಿಕೊಂಡದ್ದು ನೆನಪಿದೆ, ಹಿಂದಿನ ಸೀಟಿನಲ್ಲಿದ್ದ ಮೇಸ್ತ್ರಿ “ಸಾಕ್ರೀ ಯಕ್ಕಾ” ಎಂದದ್ದೂ ನೆನಪಿದೆ. ಆ ನಡುವಿನ ಸೆಕೆಂಡುಗಳಲ್ಲಿ ಇಪ್ಪತ್ತು ವರ್ಷದ ಹಿಂದಿನ ಅಡಿಕೆ ವ್ಯಾಪಾರಿಯ ಕಾರು ಎಲ್ಲಿ ಮಾಯವಾಗುತ್ತಿತ್ತು ಎಂಬುದು ಗೊತ್ತಾಯಿತು.

ವೈದ್ಯರು ಕೇಳಿದ್ದು ಎಂಟು ಲಕ್ಷ ನಲವತ್ತು ಸಾವಿರ. ನಾನು ಚೌಕಾಸಿ ಮಾಡಲಿಲ್ಲ. ಪುಸ್ತಕದ ಪುಟವನ್ನೇ ತಿರುಗಿಸಿ ಅವರ ಮುಂದಿಟ್ಟೆ. ಟಯರು ಇಷ್ಟು, ಪಂಪು ಇಷ್ಟು, ಬುಶ್ಶು ಇಷ್ಟು. ರೋಗಿಯ ವರದಿ ಓದುವ ಗಾಂಭೀರ್ಯದಿಂದ ಅವರು ಅದನ್ನು ಓದಿ, ಎರಡು ಕಡೆ ಪ್ರಶ್ನೆ ಕೇಳಿ, ಏಳು ಲಕ್ಷ ಐವತ್ತೈದು ಸಾವಿರಕ್ಕೆ ಒಪ್ಪಿದರು. ಐದು ಸಾವಿರ ನನ್ನ ಗೆರೆ ದಾಟಿತ್ತು. ಅವರು ಕೊಟ್ಟ ಕಾಫಿಯ ನಂತರ ಅದನ್ನು ಎತ್ತಲು ಮನಸ್ಸಾಗಲಿಲ್ಲ.

ಕಾಗದಪತ್ರದಲ್ಲಿ ಸಿಕ್ಕಿಕೊಂಡದ್ದು, ಬ್ಯಾಂಕಿನವಳಾದ ನನಗೇ ನಾಚಿಕೆಯಾಗುವಂಥ ಸಂಗತಿಯಲ್ಲಿ. ಕಾರಿನ ಸಾಲ 2019ರಲ್ಲೇ ತೀರಿತ್ತು, ಆದರೆ ಆರ್‌ಸಿಯಲ್ಲಿ ಬ್ಯಾಂಕಿನ ಅಡಮಾನದ ನಮೂದು ಹಾಗೆಯೇ ಉಳಿದಿತ್ತು. ಸಾಲ ತೀರಿದಾಗ ಕೊಟ್ಟ ಎನ್‌ಒಸಿಯನ್ನು ವೈದ್ಯರು ಭದ್ರವಾಗಿ ಫೈಲಿನಲ್ಲಿ ಇಟ್ಟಿದ್ದರು. ಅದರ ಅವಧಿ ಮುಗಿದು ನಾಲ್ಕು ವರ್ಷವಾಗಿತ್ತು. ಆ ಬ್ಯಾಂಕಿನ ಶಾಖೆ ಅಷ್ಟರಲ್ಲಿ ಬೇರೆ ಕಟ್ಟಡಕ್ಕೆ ಹೋಗಿ, ಹೊಸ ಪತ್ರ ಸಿಗಲು ಹತ್ತೊಂಬತ್ತು ದಿನ ಬೇಕಾಯಿತು. ಅದು ಬಂದ ಮೇಲೆ ಅಡಮಾನ ತೆಗೆಸಲು ನಮೂನೆ 35, ಮಾಲೀಕತ್ವ ವರ್ಗಾವಣೆಗೆ ನಮೂನೆ 29 ಮತ್ತು 30. ಕೊಳ್ಳುವವರು 30 ದಿನದೊಳಗೆ ಅರ್ಜಿ ಹಾಕಬೇಕೆಂಬ ನಿಯಮವಿರುವುದರಿಂದ ಪತ್ರ ಕೈಗೆ ಬರುವವರೆಗೆ ಮುಂಗಡ ಮಾತ್ರ ಕೊಟ್ಟು, ಕಾರನ್ನು ಅವರ ಮನೆಯಲ್ಲೇ ಬಿಟ್ಟಿದ್ದೆವು. ಉಳಿದ ಹಣ, ಸಹಿ, ಕೀಲಿ ಎಲ್ಲವೂ ಒಂದೇ ದಿನ ಕೈ ಬದಲಾದವು. ಇನ್ಶೂರೆನ್ಸಿನಲ್ಲಿ ಗಮನಿಸಬೇಕಾದದ್ದು ಒಂದಿದೆ: ಕ್ಲೇಮ್ ಮಾಡದ್ದಕ್ಕೆ ಸಿಗುವ ರಿಯಾಯಿತಿ ಕಾರಿನದಲ್ಲ, ಮಾಲೀಕರದು. ಅವರದು ಅವರೊಂದಿಗೆ ಹೋಯಿತು. ನಮ್ಮ ವ್ಯಾಗನ್ ಆರ್ ಮೇಲೆ ಗಳಿಸಿದ್ದ 50 ಶೇಕಡ ರಿಯಾಯಿತಿಯನ್ನು ಪ್ರಮಾಣಪತ್ರ ಪಡೆದು ಇದಕ್ಕೆ ತಂದೆವು. ನಂಬರ್ ಮಾತ್ರ ಕೆಎ 16 ಆಗಿಯೇ ಉಳಿಯಿತು. ಕೆಎ 17ರ ಊರಿನಲ್ಲಿ ಅದನ್ನು ನಿಲ್ಲಿಸಿದರೆ ಈಗಲೂ ಯಾರಾದರೊಬ್ಬರು “ದುರ್ಗದೋರಾ?” ಎಂದು ಕೇಳುತ್ತಾರೆ. ಹೊಸ ಸುರಕ್ಷಿತ ನಂಬರ್ ಪ್ಲೇಟಿನ ಗಡುವು ಆಗ ನವೆಂಬರ್ 17 ಎಂದಿದ್ದುದರಿಂದ ಅವಸರದಲ್ಲಿ ಅದನ್ನೂ ಹಾಕಿಸಿದೆ. ಗಡುವು ಮುಂದೆ ಫೆಬ್ರುವರಿಗೆ, ಮೇಗೆ, ಸೆಪ್ಟೆಂಬರಿಗೆ ಹೋಯಿತು.

ಸರಿಪಡಿಸುವ ಕೆಲಸ ಪಿ.ಬಿ. ರಸ್ತೆಯ ಬದಿಯ ಮೇಸ್ತ್ರಿಯ ಗ್ಯಾರೇಜಿನಲ್ಲಿ ಎಂಟು ದಿನ ನಡೆಯಿತು. ಪಂಪು, ಥರ್ಮೋಸ್ಟಾಟ್ ಮತ್ತು ಹೊಸ ಕೂಲಂಟಿಗೆ 31,500 ರೂಪಾಯಿ. ಮುಂದಿನ ಎರಡು ಶಾಕ್ ಅಬ್ಸಾರ್ಬರ್, ಅವುಗಳ ಮೇಲಿನ ಮೌಂಟು, ಕೆಳಗಿನ ಆರ್ಮ್‌ಗಳ ಬುಶ್ಶು, ಲಿಂಕ್ ರಾಡುಗಳಿಗೆ 43,200. ಎಂಜಿನ್ ಎಣ್ಣೆ, ಪ್ಲಗ್ಗು, ಫಿಲ್ಟರುಗಳಿಗೆ 18,600. ಬ್ರೇಕ್ ಪ್ಯಾಡು, ಮುಂದಿನ ಡಿಸ್ಕು ಮತ್ತು ಬ್ರೇಕ್ ಎಣ್ಣೆಗೆ 16,400. ಬ್ರೇಕ್ ಎಣ್ಣೆಯನ್ನು ಬದಲಿಸುವುದು ನಮ್ಮಲ್ಲಿ ಯಾರಿಗೂ ನೆನಪಾಗದ ಕೆಲಸ. ಅದು ಗಾಳಿಯ ತೇವವನ್ನು ಹೀರಿಕೊಳ್ಳುತ್ತಾ ಹೋಗುತ್ತದೆ. ತೇವ ಹೆಚ್ಚಿದಷ್ಟೂ ಕುದಿಯುವ ಉಷ್ಣತೆ ಇಳಿಯುತ್ತದೆ. ಒತ್ತಿ ಒತ್ತಿ ಬ್ರೇಕ್ ಹಿಡಿದಾಗ ಆವಿಯ ಗುಳ್ಳೆ ಎದ್ದು ಪೆಡಲ್ ಮೆತ್ತಗಾಗುತ್ತದೆ. ಇದರಿಂದ ತೆಗೆದ ಎಣ್ಣೆ ಡಿಕಾಕ್ಷನ್ನಿನ ಬಣ್ಣಕ್ಕೆ ತಿರುಗಿತ್ತು. ನಾಲ್ಕು ಹೊಸ ಟಯರಿಗೆ 34,800. ಅಳತೆ ಕಂಪನಿ ಕೊಟ್ಟ 205/55 ಆರ್16ನ್ನೇ, ಅಂದರೆ ಹದಿನಾರಿಂಚಿನ ಚಕ್ರದ್ದನ್ನೇ, ಉಳಿಸಿಕೊಂಡೆ. ಹದಿನೇಳಿಂಚಿನ ಚಕ್ರ ಹಾಕಿದರೆ ‘ಲುಕ್’ ಬರುತ್ತದೆ ಎಂದು ಟಯರ್ ಅಂಗಡಿಯವರು ಹೇಳಿದರು. ಪಕ್ಕೆ ತೆಳುವಾದರೆ ನಮ್ಮ ಸೇವಾ ರಸ್ತೆಗಳ ಗುಂಡಿಗಳಿಗೆ ಚಕ್ರವೇ ಸಿಗುತ್ತದೆ ಎಂಬ ಹೆದರಿಕೆ ನನಗೆ.

ಶಾಕ್ ಅಬ್ಸಾರ್ಬರಿನ ಕೆಲಸ ಹೇಗಾಗಿದೆ ಎಂದು ತೀರ್ಪು ಕೊಟ್ಟದ್ದು ಅತ್ತೆಯವರ ಮಜ್ಜಿಗೆ ಕ್ಯಾನು. ಎಲ್ಲಿಗೆ ಹೊರಟರೂ ಒಂದು ಸ್ಟೀಲಿನ ಕ್ಯಾನಿನಲ್ಲಿ ಮಜ್ಜಿಗೆ ತುಂಬಿಸಿ ಎರಡು ಪಾದದ ನಡುವೆ ಇಟ್ಟುಕೊಳ್ಳುವುದು ಅವರ ಪದ್ಧತಿ. ದುರ್ಗದಿಂದ ಕಾರು ತಂದ ದಿನ ಆನಗೋಡಿನ ಬಳಿಯ ಹಂಪ್ ಮೇಲೆ ಕಾರು ಮೂರು ಸಲ ತೂಗಿ, ಮುಚ್ಚಳ ಹಾರಿ, ಅವರ ಸೀರೆಯ ಅಂಚೂ ಕಾರಿನ ಚಾಪೆಯೂ ಒಟ್ಟಿಗೆ ನೆನೆದಿದ್ದವು. ಕೆಲಸ ಮುಗಿದ ಮೇಲೆ ಅದೇ ಹಂಪ್ ಮೇಲೆ, ಅದೇ ಕ್ಯಾನಿನೊಂದಿಗೆ, ಕಾರು ಒಂದು ಸಲ ಬಗ್ಗಿ ಎದ್ದು ಸುಮ್ಮನಾಯಿತು. ಅವರು ಮುಚ್ಚಳದ ಮೇಲಿಟ್ಟಿದ್ದ ಕೈಯನ್ನು ತೆಗೆದರು.

ಇಷ್ಟಾದ ಮೇಲೆ ಪುಸ್ತಕದಲ್ಲಿ 1,44,500 ಖರ್ಚಾಗಿ 5,500 ಉಳಿದಿತ್ತು. ಆ ಹೊತ್ತಿಗೆ ಸರಿಯಾಗಿ ಮೈದುನನ ಸ್ನೇಹಿತನೊಬ್ಬ ರೀಮ್ಯಾಪ್ ವಿಚಾರ ತಂದ. ಎಂಜಿನ್ ಕಂಪ್ಯೂಟರಿನ ಲೆಕ್ಕಾಚಾರವನ್ನು ಬದಲಿಸಿ ಟರ್ಬೊ ಒತ್ತಡ ಏರಿಸಿದರೆ 180 ಇದ್ದದ್ದು 230 ದಾಟುತ್ತದೆ, 45 ಸಾವಿರ ಮಾತ್ರ, ಎಂಜಿನ್‌ಗೆ ಏನೂ ಆಗುವುದಿಲ್ಲ ಎಂಬುದು ಅವನ ವಾದ. ಎಂಜಿನ್ ತಾಳಬಹುದು ಎಂಬುದನ್ನು ನಾನೂ ಒಪ್ಪುತ್ತೇನೆ. ಆದರೆ ಈ ಒಣ ಕ್ಲಚ್ಚಿನ ಗೇರ್‌ಬಾಕ್ಸನ್ನು ರೂಪಿಸಿರುವುದೇ 250 ನ್ಯೂಟನ್ ಮೀಟರ್‌ವರೆಗೆ, ನಮ್ಮ ಎಂಜಿನ್ ಕೊಡುವುದು ಸರಿಯಾಗಿ 250. ಅಂದರೆ ಪಾತ್ರೆ ಈಗಾಗಲೇ ಕಂಠಮಟ್ಟ ತುಂಬಿದೆ. 2017ರಲ್ಲಿ ಕಂಪನಿಯೇ 230 ಅಶ್ವಶಕ್ತಿ, 350 ನ್ಯೂಟನ್ ಮೀಟರಿನ ಆಕ್ಟೇವಿಯಾ ಆರ್‌ಎಸ್ ತಂದಾಗ ಈ ಗೇರ್‌ಬಾಕ್ಸನ್ನು ಬಿಟ್ಟು, ಎಣ್ಣೆಯಲ್ಲಿ ಮುಳುಗಿದ ಕ್ಲಚ್ಚಿನ ಆರು ಗೇರಿನ ಬೇರೆಯದನ್ನೇ ಹಾಕಿತು. ಅವರು ಹಾಕದ ಭಾರವನ್ನು ನಾನು ಎಂಟು ವರ್ಷ ಸವೆದ ಕ್ಲಚ್ಚಿನ ಮೇಲೆ ಹಾಕುವುದಕ್ಕೆ ಕಾರಣ ಸಿಗಲಿಲ್ಲ. ಇನ್ನೊಂದು, ತಯಾರಕರು ಹೇಳಿದ ವಿವರಗಳಿಗಿಂತ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸಬಾರದೆಂದು ಮೋಟಾರು ವಾಹನ ಕಾಯ್ದೆಯ 52ನೆಯ ಕಲಂ ಹೇಳುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಒತ್ತಿ ಹೇಳಿದೆ. ನಾಳೆ ಅಪಘಾತವಾಗಿ ಇನ್ಶೂರೆನ್ಸಿನವರು ಕಾಗದ ಕೇಳಿದರೆ ಆ ಐವತ್ತು ಅಶ್ವಗಳು ನನ್ನ ಪರವಾಗಿ ಸಾಕ್ಷಿ ಹೇಳುವುದಿಲ್ಲ. ಹುಡುಗ ಬೇಸರದಿಂದ ಹೋದ. ಮೈದುನ ಈಗಲೂ ಅದನ್ನು ಆಡಿಕೊಳ್ಳುತ್ತಾನೆ.

ನಿಜವಾದ ಪಾಡು ಬಂದದ್ದು 2024ರ ಸಂಕ್ರಾಂತಿಯ ಹೊತ್ತಿಗೆ. ಮಗಳನ್ನು ಕರೆದುಕೊಂಡು ಬೆಂಗಳೂರಿನಿಂದ ಬರುತ್ತಿದ್ದೆವು. ಹಿರಿಯೂರು ದಾಟಿ ಐಮಂಗಲದ ಹತ್ತಿರ ರಾತ್ರಿ ಒಂಬತ್ತೂವರೆಗೆ ಟಯರಿನ ಗಾಳಿಯ ಹಳದಿ ದೀಪ ಹೊತ್ತಿತು. ಇಳಿದು ನೋಡಿದರೆ ಹಿಂದಿನ ಎಡ ಟಯರಿಗೆ ಮೊಳೆ. ಸ್ಟೆಪ್ನಿ ಇತ್ತು, ಜಾಕ್ ಇತ್ತು. ಈ ಕಾರಿನ ಪ್ರತಿ ಚಕ್ರಕ್ಕೆ ಐದು ಬೋಲ್ಟ್; ಅದರಲ್ಲಿ ನಾಲ್ಕು ಸಾಮಾನ್ಯ, ಐದನೆಯದು ಕಳ್ಳರಿಗೆ ಸಿಗಬಾರದೆಂದು ತಲೆಯನ್ನು ಬೇರೆ ಆಕಾರದಲ್ಲಿ ಮಾಡಿದ ಬೀಗದ ಬೋಲ್ಟ್. ಅದನ್ನು ಬಿಚ್ಚಲು ಹೆಬ್ಬೆರಳಿನಷ್ಟು ಉದ್ದದ ಒಂದು ಅಡಾಪ್ಟರ್ ಬೇಕು. ನಾಲ್ಕು ಸಾಮಾನ್ಯ ಬೋಲ್ಟುಗಳೇ ಜಪ್ಪಯ್ಯ ಎಂದರೂ ಸಡಿಲವಾಗಲಿಲ್ಲ. ಮನೆಯವರು ಪಾನಾದ ಹಿಡಿಯ ಮೇಲೆ ಹತ್ತಿ ನಿಂತು ಕುಣಿದ ಮೇಲೆ ಒಂದೊಂದೇ ಬಿಟ್ಟಿತು. ಟಯರ್ ಅಂಗಡಿಯಲ್ಲಿ ಗಾಳಿಯ ಗನ್ನಿನಿಂದ ಬಿಗಿದಿದ್ದರು, ಅಳತೆಯೇ ಇಲ್ಲದೆ. ಐದನೆಯದಕ್ಕೆಂದು ಅಡಾಪ್ಟರ್ ತೆಗೆದು ಮೊಬೈಲ್ ಬೆಳಕಿನಲ್ಲಿ ಹಿಡಿದಾಗ ಅದರ ಬಾಯಿ ಉದ್ದಕ್ಕೆ ಸೀಳಿರುವುದು ಕಂಡಿತು. ಗನ್ನಿನ ಪೆಟ್ಟಿಗೆ ಸೀಳಿದ್ದನ್ನು ಒರೆಸಿ, ಚೀಲದಲ್ಲಿ ಹಾಕಿ, ಏನೂ ಹೇಳದೆ ಡಿಕ್ಕಿಯಲ್ಲಿ ಇಟ್ಟಿದ್ದರು. ನನಗೆ ಸಿಟ್ಟು ಬಂದದ್ದು ಸೀಳಿದ್ದಕ್ಕಲ್ಲ, ಒರೆಸಿದ್ದಕ್ಕೆ.

ಅರ್ಧ ಕಿಲೋಮೀಟರ್ ಮುಂದೆ ಲಾರಿಗಳ ಪಂಕ್ಚರ್ ಅಂಗಡಿಯ ದೀಪ ಕಾಣುತ್ತಿತ್ತು. ಅಲ್ಲಿಂದ ಇಪ್ಪತ್ತರ ಹರೆಯದ ಹುಡುಗನೊಬ್ಬ ಒಂದು ಬಕೆಟ್ ತುಂಬ ಹಳೆಯ ಸಾಕೆಟ್ಟುಗಳನ್ನು ಎತ್ತಿಕೊಂಡು ಬಂದ. ಬೋಲ್ಟಿನ ತಲೆಯ ಮೇಲೆ ಬೆರಳಾಡಿಸಿ, ಒಂದಾದ ಮೇಲೊಂದು ಸಾಕೆಟ್ ಹಿಡಿದು ನೋಡಿ, ಕೂದಲೆಳೆಯಷ್ಟು ಚಿಕ್ಕದಾದ ಒಂದನ್ನು ಆರಿಸಿಕೊಂಡ. ಅದನ್ನು ತಲೆಯ ಮೇಲಿಟ್ಟು ಸುತ್ತಿಗೆಯಿಂದ ಮೂರು ಏಟು. ಸಾಕೆಟ್ ಕಬ್ಬಿಣವನ್ನು ಕಚ್ಚಿಕೊಂಡು ಒಳಗಿಳಿಯಿತು. ಅದಕ್ಕೆ ಮಾರುದ್ದದ ಪೈಪು ಸಿಕ್ಕಿಸಿ, ನಮ್ಮನ್ನು ಹಿಂದೆ ಸರಿಯಿರಿ ಎಂದು ಹೇಳಿ, ಒಮ್ಮೆ ಭಾರ ಬಿಟ್ಟ. ಟಕ್ಕೆಂದು ಬಂತು. ಅವನು ಕೇಳಿದ್ದು ಮುನ್ನೂರು, ನಾವು ಕೊಟ್ಟದ್ದು ಐನೂರು. ಬೋಲ್ಟಿಗೆ ಅಂಟಿಕೊಂಡ ಸಾಕೆಟ್ ಮಾತ್ರ ಬಿಡಲಿಲ್ಲ. “ಇದು ಇನ್ನ ನಿಮ್ದೇ ಇಟ್ಕಳ್ರಿ ಅಕ್ಕಾರೆ” ಎಂದು ಎರಡನ್ನೂ ಒಟ್ಟಿಗೆ ನನ್ನ ಕೈಗಿಟ್ಟ. ಇನ್ನೂ ಬಿಸಿಯಾಗಿತ್ತು.

ಮರುವಾರ ಉಳಿದ ಮೂರು ಬೀಗದ ಬೋಲ್ಟುಗಳನ್ನೂ ಮೇಸ್ತ್ರಿ ಹಾಗೆಯೇ ತೆಗೆದು, ನಾಲ್ಕು ಸಾಮಾನ್ಯ ಬೋಲ್ಟ್ ಹಾಕಿದರು. ಉಳಿದಿದ್ದ 5,500ರಲ್ಲಿ ಟಾರ್ಕ್ ರೆಂಚ್ ಒಂದನ್ನು ಕೊಂಡೆ. ಈ ಕಾರಿನ ಚಕ್ರದ ಬೋಲ್ಟಿಗೆ 120 ನ್ಯೂಟನ್ ಮೀಟರ್. ಅಷ್ಟಾದೊಡನೆ ರೆಂಚ್ ಕ್ಲಿಕ್ ಎನ್ನುತ್ತದೆ, ನಿಲ್ಲಿಸಬೇಕು. ಈಗ ಯಾರು ಚಕ್ರ ಬಿಚ್ಚಿದರೂ ಕೊನೆಯ ಬಿಗಿತ ನನ್ನದೇ. ಬ್ಯಾಂಕಿನ ಸೀರೆಯಲ್ಲಿ ರೆಂಚ್ ಹಿಡಿದು ಕೂತದ್ದನ್ನು ನೋಡಲು ಟಯರ್ ಅಂಗಡಿಯ ಮುಂದೆ ಜನ ಸೇರಿದ್ದೂ ಇದೆ. ಅಂಗಡಿ ಮಾತ್ರ ಹಳೆಯದಲ್ಲ, ಬೇರೆಯದು.

ಎರಡು ವರ್ಷದಲ್ಲಿ ಕಾರು ಇನ್ನೂ 27 ಸಾವಿರ ಕಿಲೋಮೀಟರ್ ಓಡಿದೆ. ಊರೊಳಗೆ ಲೀಟರಿಗೆ ಹತ್ತು, ಹೆದ್ದಾರಿಯಲ್ಲಿ ಹದಿನೈದು. ಗೇರ್‌ಬಾಕ್ಸಿನ ವಿಷಯದಲ್ಲಿ ನಾನು ಬದಲಾಗಿರುವುದು ರೈಲ್ವೆ ಗೇಟಿನ ಬಳಿ ಕಾಣುತ್ತದೆ. ಗೇಟ್ ತೆರೆದು ಸಾಲು ತೆವಳತೊಡಗಿದಾಗ ನಾನು ತೆವಳುವುದಿಲ್ಲ; ಬ್ರೇಕನ್ನು ಗಟ್ಟಿಯಾಗಿ ಒತ್ತಿ ನಿಂತು, ಮುಂದೆ ಎರಡು ಕಾರಿನಷ್ಟು ಜಾಗವಾದ ಮೇಲೆ ಒಮ್ಮೆಲೆ ಹೊರಡುತ್ತೇನೆ, ಕ್ಲಚ್ ಉಜ್ಜದೆ ಪೂರ್ತಿ ಹಿಡಿಯಲಿ ಎಂದು. ಆ ಜಾಗಕ್ಕೆ ಮೂರು ಆಟೊ, ಒಂದು ಬೈಕು ನುಗ್ಗಿ, ಹಿಂದಿನವರು ಹಾರ್ನ್ ಹೊಡೆಯುತ್ತಾರೆ. ಹೊಡೆಯಲಿ. ಡಿಕ್ಕಿಗೂ ಸೀಟಿಗೂ ನಡುವೆ ಗೋಡೆ ಇಲ್ಲದ್ದರಿಂದ ಮಂಡಕ್ಕಿ ಮೆಣಸಿನಕಾಯಿ ಕಟ್ಟಿಸಿಕೊಂಡು ಬಂದರೆ ವಾಸನೆ ಮೂರು ದಿನ ಒಳಗೇ ಇರುತ್ತದೆ ಎಂಬುದು ಮಗಳ ದೂರು. ಹಾಸ್ಟೆಲಿನಿಂದ ಅವಳು ತಂದು ತುಂಬುವ ಸಾಮಾನನ್ನು ನೋಡಿದರೆ ಆ ದೂರಿಗೆ ಬೆಲೆಯಿಲ್ಲ.

ಈಗ ಉಳಿದಿರುವುದು ಎಡಗಡೆಯ ಹಿಂಬಾಗಿಲಿನೊಳಗಿನ ಒಂದು ಸದ್ದು. ನಲವತ್ತರಿಂದ ಐವತ್ತರ ವೇಗದ ನಡುವೆ, ಅದೂ ಅತ್ತೆಯವರು ಆ ಬದಿಗೆ ಕೂತಿಲ್ಲದಾಗ ಮಾತ್ರ, ಕಟಕಟ ಎನ್ನುತ್ತದೆ. ಮೇಸ್ತ್ರಿ ಎರಡು ಸಲ ಬಾಗಿಲಿನ ಒಳಹಲಗೆ ಬಿಚ್ಚಿ ನೋಡಿದ್ದಾರೆ, ಸಿಕ್ಕಿಲ್ಲ. ಬರುವ ಶನಿವಾರ ಅವರು ಹಿಂದಿನ ಸೀಟಿನಲ್ಲಿ ಬಾಗಿಲಿಗೆ ಕಿವಿಯಿಟ್ಟು ಕೂರುತ್ತಾರೆ, ನಾನು ಹರಿಹರದವರೆಗೆ ನಲವತ್ತೈದರಲ್ಲಿ ಓಡಿಸಬೇಕು.